ಗಡಿಯಾರ ಸುಳ್ಳು ಹೇಳದ ಧಾರಾವಾಹಿಗಳು

ಒಂದು ಸರಣಿಯನ್ನು ತೂಗಿ ನೋಡುವಾಗ ನಟನೆ, ಗ್ರಾಫಿಕ್ಸ್, ತಿರುವು ಎಲ್ಲಕ್ಕಿಂತ ಮೊದಲು ನಾನು ಗಮನಿಸುವುದು ಅದು ಕಾಲವನ್ನು ಹೇಗೆ ಖರ್ಚು ಮಾಡುತ್ತದೆ ಎಂಬುದನ್ನು. ಸಿನಿಮಾದ ಕೈಯಲ್ಲಿ ಎರಡೂವರೆ ತಾಸು ಇರುತ್ತದೆ. ಸರಣಿಯ ಕೈಯಲ್ಲಿ ಎಂಟು, ಹತ್ತು, ಹದಿನೈದು ತಾಸು. ಅಷ್ಟರಲ್ಲಿ ಪಾತ್ರಗಳ ಎಷ್ಟು ದಿನ, ಎಷ್ಟು ವರ್ಷ ಕಳೆಯಿತು, ಕಳೆದದ್ದಕ್ಕೆ ಅವರು ಏನು ತೆತ್ತರು? ಈಚಿನ ಒಳ್ಳೆಯ ಸರಣಿಗಳೆಲ್ಲ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟಿವೆ. ಎಡವಿದವು ಎಡವಿದ್ದೂ ಇಲ್ಲಿಯೇ. ಕೆಲವು ಕಡೆ ಕಥೆ ಬಿಚ್ಚದೆ ಮಾತು ಮುಂದೆ ಹೋಗುವುದಿಲ್ಲ. ಇನ್ನೂ ನೋಡದವರು ಆ ಪ್ಯಾರಾ ದಾಟಿ ಹೋಗ್ರಿ.

‘ಅಡೊಲೆಸೆನ್ಸ್’ನಿಂದ ಸುರು ಮಾಡುತ್ತೇನೆ. 2025ರ ಮಾರ್ಚ್ 13ರಂದು ನೆಟ್‌ಫ್ಲಿಕ್ಸ್‌ಗೆ ಬಂದ ಈ ಬ್ರಿಟಿಷ್ ಸರಣಿಯಲ್ಲಿ ಇರುವುದು ನಾಲ್ಕೇ ಸಂಚಿಕೆ. ಸಹಪಾಠಿ ಹುಡುಗಿಯನ್ನು ಕೊಂದ ಶಂಕೆಯ ಮೇಲೆ 13 ವರ್ಷದ ಜೇಮಿಯನ್ನು ಪೊಲೀಸರು ನಸುಕಿನಲ್ಲಿ ಬಾಗಿಲು ಒಡೆದು ಹಿಡಿದೊಯ್ಯುತ್ತಾರೆ. ಪ್ರತಿ ಸಂಚಿಕೆಯೂ ಒಂದೇ ಶಾಟ್, ನಡುವೆ ಎಲ್ಲೂ ಕತ್ತರಿ ಇಲ್ಲ. ಇದನ್ನು ಸಾಧಿಸಿದ ಬಗೆ ಹೀಗಿದೆ: ಒಂದು ಸಂಚಿಕೆಗೆ ಮೂರು ವಾರ. ಮೊದಲ ವಾರ ನಟರ ತಾಲೀಮು, ಎರಡನೆಯ ವಾರ ಕ್ಯಾಮೆರಾ ಮತ್ತು ತಾಂತ್ರಿಕ ತಂಡದ ತಾಲೀಮು, ಮೂರನೆಯ ವಾರ ದಿನಕ್ಕೆ ಎರಡರಂತೆ ಪೂರ್ತಿ ಟೇಕ್‌ಗಳು. ನಲವತ್ತನೆಯ ನಿಮಿಷದಲ್ಲಿ ಒಬ್ಬರ ಮಾತು ತಪ್ಪಿದರೂ ಮತ್ತೆ ಮೊದಲಿನಿಂದ. ಮೊದಲ ಸಂಚಿಕೆಗೆ ಬಳಸಿದ್ದು ಎರಡನೆಯ ಟೇಕ್, ಕೊನೆಯ ಸಂಚಿಕೆಗೆ ಹದಿನಾರನೆಯದು. ಕ್ಯಾಮೆರಾ ಡಿಜೆಐ ರೋನಿನ್ 4ಡಿ. ತಾನೇ ಸ್ಥಿರವಾಗಿ ನಿಲ್ಲುವ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಬಹುದಾದಷ್ಟು ಸಣ್ಣ ಯಂತ್ರ. ಎರಡನೆಯ ಸಂಚಿಕೆಯ ಕೊನೆಗೆ ಅದನ್ನು ಓಡುತ್ತಿರುವಾಗಲೇ ಡ್ರೋನ್‌ಗೆ ಸಿಕ್ಕಿಸಿ, ಊರಿನ ಮೇಲೆ ಹಾರಿಸಿ, ಕೊಲೆಯಾದ ಜಾಗದಲ್ಲಿ ಇಳಿಸಿ, ಅಪ್ಪನ ಪಾತ್ರದ ಸ್ಟೀಫನ್ ಗ್ರಹಾಂ ಮುಖದ ಹತ್ತಿರ ತಂದು ನಿಲ್ಲಿಸುತ್ತಾರೆ.

ತಂತ್ರ ದೊಡ್ಡದೇ. ಆದರೆ ಅದರಿಂದ ಕಥೆಗೆ ಸಿಕ್ಕಿದ್ದೇನು? ಠಾಣೆಯಲ್ಲಿ ಕಾಯುವುದು ಎಂದರೇನು ಎಂಬುದು ಮೊದಲ ಸಂಚಿಕೆಯಲ್ಲಿ ಮೈಗೆ ತಟ್ಟುತ್ತದೆ. ವಕೀಲ ಬರುವ ತನಕ, ಬೆರಳಚ್ಚು ಮುಗಿಯುವ ತನಕ, ತಪಾಸಣೆ ಮುಗಿಯುವ ತನಕ ಕುಟುಂಬದ ಜೊತೆ ನೋಡುಗನೂ ಕುಳಿತೇ ಇರಬೇಕು. ಸಂಚಿಕೆಯ ಒಳಗೆ ಒಂದು ನಿಮಿಷವನ್ನೂ ಹಾರಿಸದ ಸರಣಿ, ಸಂಚಿಕೆಗಳ ನಡುವೆ ಮಾತ್ರ ನಿರ್ದಯವಾಗಿ ಹಾರಿಸುತ್ತದೆ: ಎರಡನೆಯದು ಬಂಧನದ ಮೂರನೆಯ ದಿನ, ಮೂರನೆಯದು ಏಳು ತಿಂಗಳ ನಂತರ, ನಾಲ್ಕನೆಯದು ಹದಿಮೂರು ತಿಂಗಳ ನಂತರ ಅಪ್ಪನ ಐವತ್ತನೆಯ ಹುಟ್ಟುಹಬ್ಬದ ದಿನ. ಕೋರ್ಟು ಒಮ್ಮೆಯೂ ಕಾಣುವುದಿಲ್ಲ. ಎಲ್ಲರೂ ತೋರಿಸುವುದನ್ನು ಬಿಟ್ಟು, ಯಾರೂ ತೋರಿಸದ ಆ ನಡುವಿನ ಹೊತ್ತನ್ನೇ ಆರಿಸಿಕೊಂಡದ್ದು ಬರವಣಿಗೆಯ ದೊಡ್ಡ ನಿರ್ಧಾರ.

ನಾಲ್ಕರಲ್ಲಿ ಬಲಹೀನ ಎನ್ನಬಹುದಾದದ್ದು ಶಾಲೆಯ ಸಂಚಿಕೆ. ಕತ್ತರಿ ಇಲ್ಲದಿದ್ದರೆ ಕ್ಯಾಮೆರಾ ಕಾಲ್ನಡಿಗೆಯಲ್ಲೇ ಎಲ್ಲೆಡೆ ಹೋಗಬೇಕು. ಅದು ತಲುಪುವ ಹೊತ್ತಿಗೆ ಸರಿಯಾಗಿ ಅಲ್ಲಿ ಮುಖ್ಯ ಮಾತು ನಡೆಯುತ್ತಿರಬೇಕು. ಇಂಥ ಕಾಕತಾಳೀಯ ಎರಡು ಸಲ ನಡೆದೀತು, ನಾಲ್ಕು ಸಲ ನಡೆದೀತು, ಆಮೇಲೆ ಜೋಡಣೆಯ ದಾರ ಕಾಣತೊಡಗುತ್ತದೆ. ಮೂರನೆಯ ಸಂಚಿಕೆಗೆ ಈ ತೊಂದರೆಯೇ ಇಲ್ಲ. ಒಂದು ಕೋಣೆ, ಮನಶ್ಶಾಸ್ತ್ರಜ್ಞೆ ಮತ್ತು ಹುಡುಗ, ನಡುವೆ ಹಾಟ್ ಚಾಕೊಲೇಟ್ ಮತ್ತು ಅರ್ಧ ಸ್ಯಾಂಡ್‌ವಿಚ್. ಹುಡುಗ ಸಿಟ್ಟಿಗೆದ್ದಾಗ ಆಕೆ ಹೊರಗೆ ಬಂದು ಎಷ್ಟು ಹೊತ್ತು ಸುಧಾರಿಸಿಕೊಳ್ಳುತ್ತಾಳೋ ಅಷ್ಟು ಹೊತ್ತೂ ನಮ್ಮ ಕಣ್ಣೆದುರೇ ಕಳೆಯುತ್ತದೆ. ಬೇರೆ ಸರಣಿಯಾಗಿದ್ದರೆ ಇಲ್ಲೊಂದು ಕಟ್ ಬಿದ್ದು ಆಕೆಯ ಭಯ ಎರಡು ಸೆಕೆಂಡಿಗೆ ಇಳಿಯುತ್ತಿತ್ತು.

ಇದೇ ಹಟವನ್ನು ಬೇರೆ ದಾರಿಯಲ್ಲಿ ಹಿಡಿದದ್ದು ‘ದ ಪಿಟ್’. 2025ರ ಜನವರಿ 9ರಂದು ಆರಂಭವಾದ ಮೊದಲ ಸೀಸನ್ನಿನಲ್ಲಿ 15 ಸಂಚಿಕೆ. ಪಿಟ್ಸ್‌ಬರ್ಗ್‌ನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಒಂದೊಂದು ಸಂಚಿಕೆಗೆ ಒಂದೊಂದು ತಾಸು, ಮುಂಜಾನೆ 7ರಿಂದ ರಾತ್ರಿ 10ರವರೆಗೆ. ಪಾಳಿ ಮುಗಿಯಬೇಕಾದದ್ದು ಸಂಜೆ 7ಕ್ಕೆ. ಅಷ್ಟರಲ್ಲಿ ಸಂಗೀತೋತ್ಸವವೊಂದರಲ್ಲಿ ಗುಂಡಿನ ದಾಳಿಯಾಗಿ ಗಾಯಾಳುಗಳು ಬರತೊಡಗುತ್ತಾರೆ, ಮನೆಗೆ ಹೊರಟವರೆಲ್ಲ ಮತ್ತೆ ಕೈಗವಸು ಹಾಕುತ್ತಾರೆ. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಕಿವಿಗೆ ಬೀಳುವುದು ಯಂತ್ರಗಳ ಬೀಪ್, ಗಾಲಿಗಳ ಸದ್ದು, ಹೆಸರು ಕೂಗುವ ದನಿ. ಚಿತ್ರೀಕರಣವನ್ನೂ ಕಥೆಯ ಕ್ರಮದಲ್ಲೇ ಮಾಡಿದ್ದರಿಂದ ದಣಿವು ಮುಖದ ಮೇಲೆ ಸಂಚಿಕೆಯಿಂದ ಸಂಚಿಕೆಗೆ ಏರುತ್ತ ಹೋಗುತ್ತದೆ.

ಈ ಲೆಕ್ಕದ ಲಾಭ ಎಲ್ಲಿ ಕಾಣುತ್ತದೆಂದರೆ, ಪರೀಕ್ಷೆಯ ಫಲಿತಾಂಶ ಬರಲು ಇಲ್ಲಿ ಹೊತ್ತು ಹಿಡಿಯುತ್ತದೆ. ಫೆಂಟನಿಲ್ ಎಂಬ ಮಾದಕ ಬೆರೆತ ಮಾತ್ರೆ ನುಂಗಿ ಬಂದ ಕಾಲೇಜು ಹುಡುಗನ ಮಿದುಳು ಸತ್ತಿದೆಯೇ ಎಂಬುದು ಒಂದೇ ದೃಶ್ಯದಲ್ಲಿ ತೀರ್ಮಾನವಾಗುವುದಿಲ್ಲ. ಒಂದೊಂದೇ ಪರೀಕ್ಷೆ ಆಗಬೇಕು, ಆಮೇಲೆ ತಂದೆ ತಾಯಿ ಅದನ್ನು ನಂಬಬೇಕು, ಆಮೇಲೆ ಅಂಗದಾನದ ಮಾತು ಎತ್ತಬೇಕು. ಸಂಚಿಕೆಗಳು ಉರುಳಿದರೂ ಅವರು ಅದೇ ಹಾಸಿಗೆಯ ಪಕ್ಕದಲ್ಲೇ ಇರುತ್ತಾರೆ. ಮೊಗಸಾಲೆಯಲ್ಲಿ ಕುಳಿತು ಬೇಸತ್ತ ಜನ, ಮೇಲಿನ ವಾರ್ಡಿನಲ್ಲಿ ಹಾಸಿಗೆ ಸಿಗದೆ ತುರ್ತು ವಿಭಾಗದಲ್ಲೇ ಉಳಿದ ರೋಗಿಗಳು, ನರ್ಸುಗಳ ಕೊರತೆ: ಕಲಬುರಗಿಯ ಯಾವ ದೊಡ್ಡ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಂದು ರಾತ್ರಿ ಕಳೆದವರಿಗೂ ಇದು ಹೊರದೇಶದ ಕಥೆ ಅನಿಸಲಾರದು. ನನ್ನ ಆಕ್ಷೇಪ ಒಂದಿದೆ. ಒಂದೇ ಪಾಳಿಯಲ್ಲಿ ವೈದ್ಯಕೀಯ ಪುಸ್ತಕದ ಇಷ್ಟೊಂದು ಅಪರೂಪದ ಪ್ರಕರಣಗಳು ಬಂದು ಬೀಳುವುದು ಹೆಚ್ಚಾಯಿತು. ಅದಿದ್ದರೂ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯಲ್ಲಿ 2025ರ ಅತ್ಯುತ್ತಮ ಡ್ರಾಮಾ ಸರಣಿಯ ಪ್ರಶಸ್ತಿ ಇದಕ್ಕೆ ಸಂದದ್ದು ಸರಿಯಾಗಿಯೇ ಇದೆ.

ವೈಜ್ಞಾನಿಕ ಕಥೆಗಳಿಗೆ ಬಂದರೆ ಕಾಲದ ಲೆಕ್ಕ ಇನ್ನೂ ಕಠಿಣ. ಸ್ಟಾರ್ ವಾರ್ಸ್ ಲೋಕದ ‘ಆ್ಯಂಡೋರ್’ನ ಮೊದಲ ಸೀಸನ್ 2022ರಲ್ಲಿ ಬಂತು: 12 ಸಂಚಿಕೆ, ಕಥೆಯಲ್ಲಿ ಒಂದು ವರ್ಷ. ಸೃಷ್ಟಿಕರ್ತ ಟೋನಿ ಗಿಲ್‌ರಾಯ್ ಮೊದಲು ಯೋಚಿಸಿದ್ದು ಐದು ವರ್ಷಕ್ಕೆ ಐದು ಸೀಸನ್. ಒಂದೊಂದು ಸೀಸನ್ ತಯಾರಾಗಲು ಹಿಡಿಯುವ ವರ್ಷಗಳನ್ನು ಎಣಿಸಿದಾಗ ಅದು ಆಗದ ಮಾತು ಎಂದು ಗೊತ್ತಾಗಿ, ಉಳಿದ ನಾಲ್ಕು ವರ್ಷಗಳನ್ನು ಎರಡನೆಯ ಸೀಸನ್ನಿನ 12 ಸಂಚಿಕೆಗಳಲ್ಲಿ ಕೂಡಿಸಿದರು. ಮೂರು ಸಂಚಿಕೆಗೆ ಒಂದು ವರ್ಷ. 2025ರ ಏಪ್ರಿಲ್ 22ರಿಂದ ವಾರಕ್ಕೆ ಮೂರರಂತೆಯೇ ಬಿಡುಗಡೆ. ಮೂರು ಸಂಚಿಕೆಗಳಲ್ಲಿ ಕೆಲವೇ ದಿನಗಳ ಘಟನೆ, ಮುಂದಿನ ಮೂರರ ಹೊತ್ತಿಗೆ ವರ್ಷ ಉರುಳಿರುತ್ತದೆ.

ಈ ಹಾರಿಕೆಯಿಂದ ಸಿಕ್ಕ ದೊಡ್ಡ ಫಲ ಘೋರ್ಮನ್ ಎಂಬ ಗ್ರಹದ ಕಥೆ. ಅಲ್ಲಿಯ ನೆಲದೊಳಗಿನ ಖನಿಜ ಸಾಮ್ರಾಜ್ಯದ ಗ್ರಹನಾಶಕ ಅಸ್ತ್ರ ಡೆತ್ ಸ್ಟಾರ್‌ಗೆ ಬೇಕು. ಮೊದಲ ಸಂಚಿಕೆಯಲ್ಲೇ ಅಧಿಕಾರಿಗಳು ಬೆಟ್ಟದ ಮೇಲಿನ ಸಭಾಂಗಣದಲ್ಲಿ ಕುಳಿತು, ಆ ಜನರನ್ನು ಉಳಿದವರೆಲ್ಲ ದ್ವೇಷಿಸುವಂತೆ ಮಾಡುವುದು ಹೇಗೆಂದು ತಣ್ಣಗೆ ಚರ್ಚಿಸುತ್ತಾರೆ. ಹತ್ಯಾಕಾಂಡ ನಡೆಯುವುದು ಎಂಟನೆಯ ಸಂಚಿಕೆಯಲ್ಲಿ, ಕಥೆಯ ಲೆಕ್ಕದಲ್ಲಿ ಎರಡು ವರ್ಷದ ನಂತರ. ಸುದ್ದಿಯನ್ನು ಹೆಣೆಯಲು, ಬಂಡಾಯಗಾರರಿಗೆ ಬೇಕೆಂದೇ ಸಲುಗೆ ಕೊಟ್ಟು ಬೆಳೆಸಲು, ಸೈನ್ಯ ತಂದು ನಿಲ್ಲಿಸಲು ಅಷ್ಟು ಕಾಲ ಬೇಕೇಬೇಕು. ಸರಣಿ ಅದನ್ನು ಕೊಟ್ಟಿದೆ. ಕಳೆದುಕೊಂಡದ್ದು ನಾಯಕ ಕ್ಯಾಸಿಯನ್ ಮತ್ತು ಅವನ ಸಂಗಾತಿ ಬಿಕ್ಸ್‌ರ ಬಾಳು. ಆಕೆ ಯಾತನೆಯಿಂದ ಚೇತರಿಸಿಕೊಂಡ ತಿಂಗಳುಗಳು ಹಾರಿಕೆಯಲ್ಲಿ ಬಿದ್ದುಹೋಗಿ, ನಡುವೆ ಏನಾಯಿತೆಂದು ನಾವು ಮಾತಿನಲ್ಲಿ ಕೇಳಬೇಕಾಗುತ್ತದೆ. ನೋಡುವ ಕ್ರಮ: ಮೂರು ಸಂಚಿಕೆಯನ್ನು ಒಂದೇ ಕೂರಿಕೆಯಲ್ಲಿ ನೋಡಿ, ಅರ್ಧಕ್ಕೆ ನಿಲ್ಲಿಸಬೇಡಿ. ಹನ್ನೆರಡೂ ಮುಗಿದ ಮರುದಿನವೇ 2016ರ ‘ರೋಗ್ ಒನ್’ ಸಿನಿಮಾ ನೋಡಿ. ಕೊನೆಯ ಸಂಚಿಕೆ ಅದರ ಹೊಸ್ತಿಲಲ್ಲೇ ಮುಗಿಯುತ್ತದೆ.

‘ಸೆವರೆನ್ಸ್’ ಕಾಲವನ್ನೇ ಕಥಾವಸ್ತು ಮಾಡಿಕೊಂಡಿದೆ. ಲೂಮನ್ ಕಂಪನಿಯ ನೌಕರರ ಮಿದುಳಿಗೆ ಚಿಪ್ ಹಾಕಿ, ಕಚೇರಿಯ ನೆನಪನ್ನೂ ಮನೆಯ ನೆನಪನ್ನೂ ಬೇರ್ಪಡಿಸಿರುತ್ತಾರೆ. ಒಳಗಿನವನಿಗೆ ರಾತ್ರಿ ಎಂಬುದೇ ಇಲ್ಲ: ಸಂಜೆ ಲಿಫ್ಟ್ ಹತ್ತುತ್ತಾನೆ, ಬಾಗಿಲು ತೆರೆದರೆ ಮತ್ತೆ ಮುಂಜಾನೆ, ಮತ್ತೆ ಅದೇ ಹಸಿರು ನೆಲಹಾಸು. ನಿದ್ದೆ ಮಾಡಿದ ಅನುಭವ ಇಲ್ಲ, ನಿದ್ದೆಯ ಪರಿಣಾಮ ಮಾತ್ರ ಮೈಯಲ್ಲಿ. ಈ ಬದಲಾವಣೆಯನ್ನು ಲಿಫ್ಟಿನಲ್ಲಿ ತೋರಿಸಲು ಕ್ಯಾಮೆರಾ ಒಂದು ದಿಕ್ಕಿಗೆ ಸರಿಯುವಾಗ ಲೆನ್ಸನ್ನು ಎದುರು ದಿಕ್ಕಿಗೆ ಜೂಮ್ ಮಾಡುತ್ತಾರೆ. ಮುಖ ಇದ್ದಲ್ಲೇ ಇರುತ್ತದೆ, ಹಿಂದಿನ ಗೋಡೆ ಮಾತ್ರ ಹಿಗ್ಗಿ ಕುಗ್ಗುತ್ತದೆ. ಒಂದು ಸಾಲು ವಿವರಣೆ ಇಲ್ಲದೆ ನಿಯಮ ತಿಳಿದುಬಿಡುತ್ತದೆ. ಮೊದಲ ಸೀಸನ್ ಮುಗಿದದ್ದು 2022ರ ಏಪ್ರಿಲ್ 8ಕ್ಕೆ, ಎರಡನೆಯದು ಬಂದದ್ದು 2025ರ ಜನವರಿ 17ಕ್ಕೆ. 2023ರ ಹಾಲಿವುಡ್ ಮುಷ್ಕರವೂ ಈ ತಡಕ್ಕೆ ಒಂದು ಕಾರಣ. ಎರಡನೆಯ ಸೀಸನ್ನಿನ ಏಳನೆಯ ಸಂಚಿಕೆಯಲ್ಲಿ ನಾಯಕ ಮಾರ್ಕನ ಹೆಂಡತಿ ಜೆಮ್ಮಾಳ ಕಥೆ ಬರುತ್ತದೆ; ಈ ಪಟ್ಟಿಯಲ್ಲಿ ಒಂದೇ ಸಂಚಿಕೆ ಆರಿಸು ಎಂದರೆ ನಾನು ಅದನ್ನೇ ಆರಿಸುತ್ತೇನೆ. ಅದರ ಬೆನ್ನಿಗೆ ಬರುವ ಎಂಟನೆಯದು ಚಿಕ್ಕದಾಗಿದ್ದರೂ ಜಗ್ಗುತ್ತದೆ: ಒಂದೇ ಮಾಹಿತಿ ಕೊಡುವುದಕ್ಕೆ ಒಂದಿಡೀ ಹಿಮದ ಊರನ್ನು ಸುತ್ತಿಸುತ್ತಾರೆ.

ಇನ್ನು ‘ತ್ರೀ ಬಾಡಿ ಪ್ರಾಬ್ಲಂ’. 2024ರ ಮಾರ್ಚ್‌ನಲ್ಲಿ ಬಂದ ಎಂಟು ಸಂಚಿಕೆ. ಮೂರು ಸೂರ್ಯರಿರುವ ಬೇರೆ ಲೋಕದಿಂದ ಶತ್ರು ಹೊರಟಾಗಿದೆ, ಭೂಮಿಗೆ ಬಂದು ತಲುಪಲು 400 ವರ್ಷ. ಇಷ್ಟು ದೂರದ ಗಂಡಾಂತರಕ್ಕೆ ಇಂದು ಯಾರು ಏನು ತ್ಯಾಗ ಮಾಡುತ್ತಾರೆ ಎಂಬ ಪ್ರಶ್ನೆಯೇ ಸರಣಿಯ ಜೀವ. ಅಂಕಿ ತಾಳೆಯಾಗುತ್ತದೆಯೇ? ಆಗುತ್ತದೆ. ಬೆಳಕಿನ ವೇಗದ ಶೇ. 1 ಎಂದರೆ ಸೆಕೆಂಡಿಗೆ ಸುಮಾರು 3,000 ಕಿಲೋಮೀಟರ್. ಆ ವೇಗದಲ್ಲಿ ನಾಲ್ಕು ಜ್ಯೋತಿರ್ವರ್ಷ ದಾಟಲು ಸುಮಾರು 400 ವರ್ಷವೇ ಬೇಕು. ಇದಿರುಗೊಳ್ಳಲು ಮನುಷ್ಯರು ಕಳಿಸುವ ನೌಕೆಯ ಉಪಾಯವೂ ಒಪ್ಪುವಂಥದ್ದು: ದಾರಿಯುದ್ದಕ್ಕೂ 300 ಅಣುಬಾಂಬು ಇಟ್ಟು, ಒಂದೊಂದೇ ಸಿಡಿಸಿ, ಹಾಯಿಯನ್ನು ತಳ್ಳುವುದು. ಹಾಯಿಗೂ ನೌಕೆಗೂ ಕಟ್ಟಿದ ಹುರಿಯೊಂದು ಹರಿದು ಯೋಜನೆ ದಾರಿ ತಪ್ಪುವುದು ಇನ್ನೂ ಒಪ್ಪುವಂಥದ್ದು. ಇಂಥ ಸಾಹಸಗಳು ಕೆಡುವುದು ಬಹುತೇಕ ಸಣ್ಣ ಜೋಡಣೆಯಲ್ಲಿಯೇ.

ಒಪ್ಪಲಾಗದ ಜಾಗಗಳೂ ಎರಡಿವೆ. ಶತ್ರು ಕಳಿಸಿದ, ಪ್ರೋಟಾನಿನಷ್ಟು ಸಣ್ಣ ‘ಸೋಫಾನ್’ಗಳು ಕ್ವಾಂಟಮ್ ತೊಡಕಿನ (ಎಂಟ್ಯಾಂಗಲ್ಮೆಂಟ್) ಬಲದಿಂದ ನಾಲ್ಕು ಜ್ಯೋತಿರ್ವರ್ಷದಾಚೆಗೆ ತತ್‌ಕ್ಷಣ ಸುದ್ದಿ ಮುಟ್ಟಿಸುತ್ತವೆ. ತೊಡಕಿಕೊಂಡ ಕಣಗಳ ಅಳತೆಗಳು ಒಂದಕ್ಕೊಂದು ಹೊಂದುತ್ತವೆ ನಿಜ, ಆದರೆ ಅದರ ಮೂಲಕ ಸಂದೇಶ ಕಳಿಸಲಾಗದು. ಎರಡನೆಯದು ಆ ಮೂರು ಸೂರ್ಯರ ಆಟ. ನಾಲ್ಕು ಜ್ಯೋತಿರ್ವರ್ಷದಾಚೆಯ ನಿಜವಾದ ಮೂರು ನಕ್ಷತ್ರಗಳ ಕೂಟ ಆಲ್ಫಾ ಸೆಂಟಾರಿಯಲ್ಲಿ ಎ ಮತ್ತು ಬಿ ನಕ್ಷತ್ರಗಳು ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಮೂರನೆಯ ಪ್ರಾಕ್ಸಿಮಾ ಅವೆರಡರಿಂದ ಬಹು ದೂರದಲ್ಲಿದ್ದು, ಒಂದು ಸುತ್ತಿಗೆ ಲಕ್ಷಗಟ್ಟಲೆ ವರ್ಷ ತೆಗೆದುಕೊಳ್ಳುತ್ತದೆ. ಹೀಗಾಗಿ ಕಥೆಯಲ್ಲಿ ಬರುವಂಥ ದಿಢೀರ್ ಪ್ರಳಯ ಅಲ್ಲಿ ಸಾಧ್ಯವಿಲ್ಲ. ಈ ಎರಡನ್ನು ಕಥೆಗಾರನ ಸ್ವಾತಂತ್ರ್ಯ ಎಂದು ಬಿಟ್ಟುಕೊಟ್ಟರೆ ಉಳಿದದ್ದೆಲ್ಲ ಬಿಗಿಯಾಗಿದೆ.

‘ಸೈಲೊ’ ಬಗ್ಗೆ ಬೇರೆ ತಕರಾರು. ನೆಲದೊಳಗೆ 144 ಅಂತಸ್ತು, ಹತ್ತು ಸಾವಿರ ಜನ, ಲಿಫ್ಟ್ ಇಲ್ಲ, ಸುರುಳಿ ಮೆಟ್ಟಿಲೊಂದೇ ದಾರಿ. ಸುದ್ದಿ, ಸಾಮಾನು, ಅಧಿಕಾರ ಎಲ್ಲವೂ ಕಾಲ್ನಡಿಗೆಯ ವೇಗದಲ್ಲೇ ಸಾಗಬೇಕು. ಈ ಒಂದು ನಿಯಮದಿಂದ ಇಡೀ ಸಮಾಜದ ಮೇಲು ಕೀಳು ಹುಟ್ಟುವುದನ್ನು ತುಂಬ ಚೆನ್ನಾಗಿ ತೋರಿಸಿದ್ದಾರೆ. ಮೊದಲ ಸೀಸನ್ನಿನ ಮೂರನೆಯ ಸಂಚಿಕೆಯಲ್ಲಿ ಟರ್ಬೈನ್ ನಿಲ್ಲಿಸಿ ಬಾಗಿದ ಬ್ಲೇಡ್ ಸರಿಮಾಡುವ ದೃಶ್ಯ ಉಸಿರು ಬಿಗಿಹಿಡಿಸುತ್ತದೆ: ಉಗಿ ಹೊರಹೋಗಲು ದಾರಿ ಇಲ್ಲ, ಒತ್ತಡ ಏರುತ್ತಿದೆ, ಕೈಯಲ್ಲಿರುವುದು ಸ್ವಲ್ಪವೇ ಹೊತ್ತು. ಆದರೆ ಯಾದಗಿರಿಯಿಂದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಕೆಲಸಕ್ಕೆ ಹೋದ ಯಾರನ್ನಾದರೂ ಕೇಳಿ, ಮೊದಲ ಪ್ರಶ್ನೆ ಅವರದು ಒಂದೇ ಇದ್ದೀತು: ಬೈಪಾಸ್ ವಾಲ್ವ್ ಎಲ್ಲಿ? ಟರ್ಬೈನ್ ನಿಂತಾಗ ಉಗಿಯನ್ನು ಕಂಡೆನ್ಸರ್‌ಗೆ ತಿರುಗಿಸುವ ದಾರಿ, ಒತ್ತಡ ಮಿತಿ ಮೀರಿದರೆ ತಾನೇ ತೆರೆಯುವ ಸೇಫ್ಟಿ ವಾಲ್ವ್ ಇಲ್ಲದೆ ಯಾರೂ ಇಂಥ ಸ್ಥಾವರ ಕಟ್ಟುವುದಿಲ್ಲ. ನೂರಾರು ವರ್ಷ ಬಾಳಲೆಂದು ಕಟ್ಟಿದ ಸೈಲೊದಲ್ಲಿ ಅದು ಇಲ್ಲದ್ದಕ್ಕೆ ಒಂದು ಮಾತಿನ ಕಾರಣವಾದರೂ ಬೇಕಿತ್ತು.

‘ಫೌಂಡೇಶನ್’ ಶತಮಾನಗಳನ್ನೇ ಹಾರುತ್ತದೆ: ಎರಡನೆಯ ಸೀಸನ್ ಮೊದಲಿನದಕ್ಕಿಂತ 138 ವರ್ಷ ಮುಂದೆ, ಮೂರನೆಯದು ಇನ್ನೂ 152 ವರ್ಷ ಮುಂದೆ. ಅದೇ ನಟರನ್ನು ಉಳಿಸಿಕೊಳ್ಳಲು ಒಬ್ಬನೇ ಚಕ್ರವರ್ತಿಯ ತದ್ರೂಪುಗಳ ವಂಶ ಹುಟ್ಟಿಸಿದ್ದು ಜಾಣತನ. ಆ ಅರಮನೆಯ ಭಾಗವಷ್ಟೇ ನನಗೆ ಹಿಡಿಸಿದ್ದು.

ಹಳೆಯದಾದರೂ ‘ದ ಎಕ್ಸ್‌ಪ್ಯಾನ್ಸ್’ ಬಿಡಲಾಗದು. 2015ರಿಂದ 2022ರವರೆಗೆ ಆರು ಸೀಸನ್. ಅದರ ನೌಕೆಗಳ ಅಂತಸ್ತುಗಳು ಬಹುಮಹಡಿ ಕಟ್ಟಡದಂತೆ ಒಂದರ ಮೇಲೊಂದು, ಎಂಜಿನ್ ತಳದಲ್ಲಿ. ಎಂಜಿನ್ ತಳ್ಳಿದಾಗಲೇ ಕಾಲಡಿಗೆ ನೆಲ ಸಿಗುತ್ತದೆ. ಅರ್ಧ ದಾರಿಯಲ್ಲಿ ನೌಕೆ ತಿರುಗಿ ಹಿಮ್ಮುಖವಾಗಿ ತಳ್ಳುತ್ತ ವೇಗ ಇಳಿಸುತ್ತದೆ. ಭೂಮಿಯಿಂದ ಮಂಗಳಕ್ಕೆ ಮಾತು ತಲುಪಲು 3ರಿಂದ 22 ನಿಮಿಷ, ಆದ್ದರಿಂದ ಅಲ್ಲಿ ಸಂಭಾಷಣೆಯ ಜಾಗದಲ್ಲಿ ಪತ್ರ ವ್ಯವಹಾರದಂಥ ಸಂದೇಶಗಳು. ಕ್ಷುದ್ರಗ್ರಹಗಳ ಗಣಿಗಾರರು ಹತ್ತಾರು ನುಡಿ ಬೆರೆತ ತಮ್ಮದೇ ಭಾಷೆ ಆಡುತ್ತಾರೆ. ಕನ್ನಡ, ದಖನಿ, ತೆಲುಗು, ಮರಾಠಿ ಒಂದೇ ವಾಕ್ಯದಲ್ಲಿ ಓಡಾಡುವ ಕಲಬುರಗಿಯ ಸೂಪರ್ ಮಾರ್ಕೆಟ್ ಓಣಿಗಳನ್ನು ಬಲ್ಲವರಿಗೆ ಅದು ಮೊದಲ ದಿನವೇ ಸಹಜ ಅನಿಸುತ್ತದೆ.

ಈಗ ನಮ್ಮ ಸಂಜೆಯ ಧಾರಾವಾಹಿಗಳು. ಅವುಗಳನ್ನು ಈ ಸರಣಿಗಳ ಪಕ್ಕ ನಿಲ್ಲಿಸಿ ಹಳಿಯುವುದು ಅನ್ಯಾಯ, ಏಕೆಂದರೆ ಕೆಲಸದ ಪ್ರಮಾಣವೇ ಬೇರೆ. ಅರ್ಧ ತಾಸಿನಲ್ಲಿ ಜಾಹೀರಾತು ಕಳೆದು 22 ನಿಮಿಷ ಎಂದು ಹಿಡಿಯಿರಿ, ವಾರಕ್ಕೆ ಆರು ಸಂಚಿಕೆ: ವರ್ಷಕ್ಕೆ 312 ಸಂಚಿಕೆ, ಸುಮಾರು 114 ತಾಸು. ‘ದ ಪಿಟ್’ನ ಇಡೀ ಸೀಸನ್ನಿನ ಏಳು ಪಟ್ಟಿಗೂ ಹೆಚ್ಚು. ಒಂದು ದಿನಕ್ಕೆ ಒಂದು ಸಂಚಿಕೆಯಷ್ಟು ಚಿತ್ರೀಕರಿಸಲೇಬೇಕು. ಹಾಗಿದ್ದಾಗ ಮದುವೆಯ ದೃಶ್ಯ ವಾರಗಟ್ಟಲೆ ಎಳೆಯುವುದಕ್ಕೆ ಗಟ್ಟಿ ಕಾರಣವಿದೆ: ಒಂದೇ ಸೆಟ್, ಒಂದೇ ಉಡುಪು, ಎಲ್ಲ ಕಲಾವಿದರೂ ಒಂದೇ ಕಡೆ, ದೀಪ ಬದಲಿಸುವ ಕೆಲಸ ಕಡಿಮೆ. ಒಂದು ಮಾತಿಗೆ ಎಂಟು ಮುಖಗಳ ಪ್ರತಿಕ್ರಿಯೆ ತೋರಿಸಿದರೆ ಬರೆಯದೆಯೇ ಅರ್ಧ ನಿಮಿಷ ತುಂಬುತ್ತದೆ. ವಾರವಾರವೂ ನೋಡುಗರ ಸಂಖ್ಯೆ ಅಳೆಯುವ ಬಾರ್ಕ್‌ನ ಅಂಕಿ ಬರುವುದರಿಂದ ಓಡುತ್ತಿರುವ ಎಳೆಯನ್ನು ಮುಗಿಸುವ ಧೈರ್ಯವೂ ಬರುವುದಿಲ್ಲ. ನಟನಟಿಯರ ಸಾಮರ್ಥ್ಯಕ್ಕೆ ಕೊರತೆ ಇಲ್ಲ. ಪಾತ್ರಕ್ಕೆ ನಿನ್ನೆ ಆದದ್ದು ಇಂದು ಮೈಯಲ್ಲಿ ಉಳಿಯಲು ಜಾಗ ಸಿಗುತ್ತಿಲ್ಲ. ಆಸ್ಪತ್ರೆಯಿಂದ ಬಂದವರು ಮೂರನೆಯ ಸಂಚಿಕೆಗೆ ಏನೂ ಆಗದವರಂತೆ ಓಡಾಡುವುದು ಇದರಿಂದಲೇ. ಕನ್ನಡದಲ್ಲಿ ಕೆಲವೇ ಸಂಚಿಕೆಯ ಸರಣಿಗಳು ಬರತೊಡಗಿರುವುದು ಹಾಗಾಗಿ ಸಮಾಧಾನದ ಸಂಗತಿ. 2025ರಲ್ಲಿ ಜೀ5ನಲ್ಲಿ ‘ಅಯ್ಯನ ಮನೆ’ ಬಂತು, ‘ಶೋಧ’ ಬಂತು. ಮುಗಿಯುವ ದಿನ ಮೊದಲೇ ಗೊತ್ತಿದ್ದಾಗ ಬರೆಯುವವರು ಗಾಯವನ್ನು ಗಾಯವಾಗಿಯೇ ಉಳಿಸಬಹುದು.

ಮನೆಯಲ್ಲಿ ನೋಡುವ ವ್ಯವಸ್ಥೆಯ ಬಗ್ಗೆಯೂ ನಾಲ್ಕು ಮಾತು, ಏಕೆಂದರೆ ಒಳ್ಳೆಯ ಸರಣಿ ಅರ್ಧ ಕೆಡುವುದು ಟಿವಿಯ ಸೆಟ್ಟಿಂಗ್‌ನಲ್ಲಿ. ಮೊದಲು ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಕಂಪನಿಗೊಂದು ಹೆಸರಿರುತ್ತದೆ, ಚಿತ್ರದ ಮೆನುವಿನಲ್ಲಿ ‘ಮೋಷನ್’ ಎಂಬುದರ ಕೆಳಗೆ ಸಿಗುತ್ತದೆ. ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದ ದೃಶ್ಯದ ನಡುವೆ ಟಿವಿ ತಾನೇ ಚಿತ್ರ ಸೇರಿಸಿ, ಸೆವರೆನ್ಸ್‌ನ ಕಾರಿಡಾರನ್ನೂ ಮದುವೆ ವಿಡಿಯೊದಂತೆ ಮಾಡುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನೇ ಒತ್ತಿದರೆ ಸಾಕು. ಮಾತು ಪಿಸುಗುಟ್ಟಿದಂತೆ, ಸ್ಫೋಟ ಕಿವಿಗಡಚಿಕ್ಕುವಂತೆ ಕೇಳುತ್ತಿದ್ದರೆ ಆ್ಯಪ್‌ನಲ್ಲಿ 5.1 ಧ್ವನಿಯನ್ನು ಸ್ಟೀರಿಯೊಗೆ ಬದಲಿಸಿ. ಐದು ಸ್ಪೀಕರಿಗೆ ಹಂಚಿದ ಧ್ವನಿಯಲ್ಲಿ ಮಾತು ನಡುವಿನ ಸ್ಪೀಕರಿನಲ್ಲಿರುತ್ತದೆ. ಎರಡೇ ಸ್ಪೀಕರಿನ ಟಿವಿ ಅದನ್ನು ಮಡಚುವಾಗ ಮಾತು ತಗ್ಗಿಹೋಗುತ್ತದೆ. ಕಡಿಮೆ ಬೆಲೆಯ ಟಿವಿಗಳಲ್ಲಿ ಬೆಳಕು-ಕತ್ತಲ ಅಂತರ ಹಿಗ್ಗಿಸಿ ತೋರಿಸುವ ಎಚ್‌ಡಿಆರ್ ಇದ್ದರೂ ಅದಕ್ಕೆ ಬೇಕಾದಷ್ಟು ಬೆಳಕು ಇರುವುದಿಲ್ಲ, ಸೈಲೊದ ಕತ್ತಲು ದೃಶ್ಯ ಬರೀ ಕಪ್ಪು ಕಾಣುತ್ತದೆ. ಅಂಥಲ್ಲಿ ಎಚ್‌ಡಿಆರ್ ಆಫ್ ಮಾಡಿ ನೋಡುವುದೇ ಮೇಲು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಹಗಲು ನೋಡುವುದಿದ್ದರೆ ದಪ್ಪ ಪರದೆ ಬೇಕೇ ಬೇಕು.

ಡೇಟಾ ಲೆಕ್ಕ: ನೆಟ್‌ಫ್ಲಿಕ್ಸ್ ಎಚ್‌ಡಿ ತಾಸಿಗೆ 3 ಜಿಬಿವರೆಗೆ, ಸಾಧಾರಣ ಗುಣಮಟ್ಟ 1 ಜಿಬಿ, 4ಕೆ ಆದರೆ 7 ಜಿಬಿ ಎಳೆಯುತ್ತದೆ. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಅಡೊಲೆಸೆನ್ಸ್‌ನ ಒಂದು ಸಂಚಿಕೆಯೂ ಎಚ್‌ಡಿಯಲ್ಲಿ ಮುಗಿಯದೇ ಇರಬಹುದು; ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಕರೆಂಟ್ ಹೋದರೆ 150 ಎಎಚ್ ಬ್ಯಾಟರಿಯ ಇನ್‌ವರ್ಟರಿನಿಂದ, ನಷ್ಟ ಕಳೆದು, ಸಾವಿರ ವ್ಯಾಟ್-ಅವರ್‌ನಷ್ಟು ಸಿಗುತ್ತದೆ. 43 ಇಂಚಿನ ಟಿವಿ, ರೌಟರ್, ಒಂದು ಫ್ಯಾನ್ ಕೂಡಿ 200 ವ್ಯಾಟ್ ಎಂದರೂ ಐದು ತಾಸು ನಡೆಯುತ್ತದೆ. ಆ್ಯಂಡೋರ್‌ನ ಮೂರು ಸಂಚಿಕೆಗೆ ಧಾರಾಳ ಸಾಕು. ರೌಟರನ್ನು ಇನ್‌ವರ್ಟರ್ ಸಾಲಿಗೆ ಸೇರಿಸಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ. ಟಿವಿ ಉರಿಯುತ್ತ ನೆಟ್ ಸತ್ತಿರುವುದು ಬಹುಪಾಲು ಮನೆಗಳ ತೊಂದರೆ.

ಕನ್ನಡದಲ್ಲಿ ಆರು ಸಂಚಿಕೆಯ ಒಂದು ವೈಜ್ಞಾನಿಕ ಸರಣಿ ಮಾಡುವುದಿದ್ದರೆ ಬೀದರಿಗೆ ಬರಬೇಕು ಎಂಬುದು ನನ್ನ ಬಲವಾದ ಆಸೆ. ನೌಬಾದಿನ ಕರೇಜ್, ಬಹಮನಿ ಕಾಲದ ಆ ಸುರಂಗ ಬಾವಿ, ಎರಡು ಕಿಲೋಮೀಟರಿಗೂ ಉದ್ದ. ಮೇಲಿನಿಂದ ಸಾಲಾಗಿ ಇಳಿಸಿದ ಗಾಳಿಬಾವಿಗಳು, ಪಂಪಿಲ್ಲದೆ ಇಳಿಜಾರಿನಿಂದಲೇ ಹರಿಯುವ ನೀರು. ಅಲ್ಲಿ ಚಿತ್ರೀಕರಿಸುವುದು ಸುಲಭವಲ್ಲ: ಸುರಂಗ ಇಕ್ಕಟ್ಟು, ದೊಡ್ಡ ದೀಪ ಇಳಿಸಲಾಗದು, ತೇವಕ್ಕೆ ಮೈಕ್ ಕೆಡುತ್ತದೆ, ಮಳೆಗಾಲದ ನಂತರ ನೀರು ಏರಿರುತ್ತದೆ. ಸುರಂಗದ ಅಳತೆಯ ಸೆಟ್ಟನ್ನು ಹೊರಗೆ ಕಟ್ಟಿ, ಗಾಳಿಬಾವಿಯ ಬೆಳಕಿನ ದೃಶ್ಯಗಳನ್ನಷ್ಟೇ ಒಳಗೆ ತೆಗೆಯುವುದು ಲೇಸು. ಪಾರಂಪರಿಕ ರಚನೆಗೂ ಧಕ್ಕೆ ಆಗದು. ಮಾತು ಮಾತ್ರ ಈ ಕಡೆಯದೇ ಇರಲಿ. ನಮ್ಮ ಬೀದರ್, ಕಲಬುರಗಿ ಕನ್ನಡವನ್ನು ಟಿವಿಯವರು ಇಷ್ಟು ದಿನ ನಗಿಸುವ ಪಾತ್ರಕ್ಕೆ ಕೊಟ್ಟಿದ್ದಾರೆ. ಈ ಸರಣಿಯಲ್ಲಿ ಭೂಗರ್ಭ ವಿಜ್ಞಾನಿ ಆಡುವುದೂ ಅದೇ ಆಗಿರಲಿ, ‘ನೀರು ಯಾಕ ನಿಂತದ, ಕೆಳಗ ಇಳದು ನೋಡ್ರಿ’ ಎಂದು ಮೊದಲ ಸಂಚಿಕೆಯಲ್ಲಿ ಆಕೆಯೇ ಹೇಳಲಿ.